ನಿಮ್ಮ ಕಣ ನಿಜಕ್ಕೂ ಮಿಶ್ರಲೋಹವೇ? ಕಾಂತೀಯ ನ್ಯಾನೋಕಣಗಳನ್ನು ಟಿಇಎಂನಲ್ಲಿ ನೋಡುವ ಕ್ರಮ, ಮಲೆನಾಡಿನ ವಿದ್ಯಾರ್ಥಿಗಳಿಗಾಗಿ

ಶಂಕರಘಟ್ಟದಲ್ಲೋ ಶಿವಮೊಗ್ಗದ ಯಾವುದೋ ಕಾಲೇಜಿನ ಲ್ಯಾಬಿನಲ್ಲೋ ಕೂತು ಕಬ್ಬಿಣ-ಕೋಬಾಲ್ಟ್, ಕಬ್ಬಿಣ-ನಿಕಲ್ ಅಥವಾ ಕಬ್ಬಿಣ-ಪ್ಲಾಟಿನಂ ನ್ಯಾನೋಕಣ ತಯಾರಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಣ ಮಾಡುವ ಕೆಲಸ ಇಲ್ಲೇ ಆಗುತ್ತದೆ. ಅದನ್ನು ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ, ಅಂದರೆ ಟಿಇಎಂನಲ್ಲಿ ನೋಡಬೇಕೆಂದರೆ ಮಾದರಿ ಹಿಡಿದು ಬೆಂಗಳೂರಿನಂಥ ಊರಿಗೆ ಹೋಗಬೇಕಾಗುತ್ತದೆ. ಸಿಗುವುದು ಒಂದೆರಡು ಗಂಟೆಯ ಸ್ಲಾಟ್. ಫೆಲೋಶಿಪ್ ದುಡ್ಡಿನಲ್ಲಿ ಕಟ್ಟಿದ ಆ ಗಂಟೆಗಳು ವ್ಯರ್ಥವಾಗಬಾರದು.

ಹೆಚ್ಚಿನವರು ಟಿಇಎಂ ಮುಂದೆ ಕೂತಾಗ ಕೇಳುವ ಮೊದಲ ಪ್ರಶ್ನೆ, ‘ಸೈಜ್ ಎಷ್ಟು?’ ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಬೇರೆ. ಇದು ನಿಜಕ್ಕೂ ಮಿಶ್ರಲೋಹವೇ? ಎರಡು ಲೋಹಗಳ ಲವಣ ಒಂದೇ ಫ್ಲಾಸ್ಕಿಗೆ ಹಾಕಿದ ಮಾತ್ರಕ್ಕೆ ಅವು ಒಂದೇ ಕಣದೊಳಗೆ ಸೇರಿಕೊಳ್ಳುವುದಿಲ್ಲ. ಪಕ್ಕಪಕ್ಕದಲ್ಲಿ ಬೇರೆ ಬೇರೆ ಕಣಗಳಾಗಿರಬಹುದು. ಒಂದು ಒಳಗೆ, ಇನ್ನೊಂದು ಹೊರಗೆ ಚಿಪ್ಪಾಗಿ ಕೂತಿರಬಹುದು. ಪೂರ್ತಿ ಆಕ್ಸೈಡ್ ಆಗಿಯೂ ಇರಬಹುದು. ಈ ನಾಲ್ಕೂ ಸಂದರ್ಭಗಳಲ್ಲಿ ಟಿಇಎಂ ಚಿತ್ರದಲ್ಲಿ ಕಾಣುವುದು ಕಪ್ಪು ಚುಕ್ಕಿಗಳೇ. ಆದ್ದರಿಂದ ಕೆಳಗಿನ ಪ್ರತಿ ಹೆಜ್ಜೆಯನ್ನೂ ಈ ಒಂದು ಪ್ರಶ್ನೆಯ ಸುತ್ತ ಇಟ್ಟಿದ್ದೇನೆ.

ನಮ್ಮ ಜಿಲ್ಲೆಗೆ ಈ ಪ್ರಶ್ನೆ ಹೊಸದೇನಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ ಮುಂದೆ ಅಲಾಯ್ ಸ್ಟೀಲಿಗೆ ಹೆಸರು ಮಾಡಿತು. ಉಕ್ಕಿನಲ್ಲಿ ಬೇರೆ ಲೋಹ ಸಮನಾಗಿ ಕರಗಿದೆಯೋ, ಅಲ್ಲಲ್ಲಿ ಗಂಟು ಕಟ್ಟಿದೆಯೋ ಎಂದು ನೋಡುವುದು ಅಂಥ ಕಡೆ ದಿನದ ಕೆಲಸ. ನಾವು ಅದನ್ನೇ ಹತ್ತು ನ್ಯಾನೋಮೀಟರ್ ಅಳತೆಯಲ್ಲಿ ಕೇಳುತ್ತಿದ್ದೇವೆ, ಅಷ್ಟೇ.

ಹೆಜ್ಜೆ 1: ತಯಾರಿಸಿದ ವಿಧಾನವನ್ನೇ ಮೊದಲು ಅನುಮಾನಿಸಿ

ಟಿಇಎಂಗೆ ಹೋಗುವ ಮೊದಲು ಎಕ್ಸ್‌ಆರ್‌ಡಿ, ಅಂದರೆ ಎಕ್ಸ್‌ರೇ ಹಾಯಿಸಿ ಹರಳಿನ ರಚನೆ ನೋಡುವ ಪರೀಕ್ಷೆ ಮಾಡಿಸಿ. ಅದು ಅಗ್ಗ, ಹತ್ತಿರದಲ್ಲೇ ಸಿಗುತ್ತದೆ. ಅದರಲ್ಲಿ ಲೋಹದ ಗೆರೆಯೇ ಇಲ್ಲದಿದ್ದರೆ ಟಿಇಎಂನಲ್ಲಿ ಏನು ಹುಡುಕಬೇಕು ಎನ್ನುವುದೇ ಬದಲಾಗುತ್ತದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಅಡಿಕೆ ಸಿಪ್ಪೆ, ಎಲೆ, ಬೇರುಗಳ ಕಷಾಯ ಹಾಕಿ ‘ಹಸಿರು’ ವಿಧಾನದಲ್ಲಿ ಕಣ ಮಾಡುವುದು ಮಲೆನಾಡಿನಲ್ಲಿ ಸಹಜವಾಗಿಯೇ ಆಕರ್ಷಕ. ಬೆಳ್ಳಿ, ಚಿನ್ನ, ಪ್ಲಾಟಿನಂಗೆ ಅದು ಒಗ್ಗುತ್ತದೆ. ಕಬ್ಬಿಣಕ್ಕೆ ಅಷ್ಟು ಸುಲಭವಲ್ಲ. ಕಬ್ಬಿಣದ ಅಯಾನನ್ನು ಲೋಹಕ್ಕೆ ಇಳಿಸುವ ವಿಭವ -0.44 ವೋಲ್ಟ್, ಕೋಬಾಲ್ಟಿನದ್ದು -0.28, ನಿಕಲ್‌ನದ್ದು -0.25, ಪ್ಲಾಟಿನಂನದ್ದು +1.18 ವೋಲ್ಟ್. ಸಸ್ಯದ ಪಾಲಿಫಿನಾಲ್‌ಗಳು ಕಬ್ಬಿಣದ ಜೊತೆ ಕಪ್ಪು ಸಂಯುಕ್ತ ಕಟ್ಟಿಬಿಡುತ್ತವೆ. ನೋಡಲು ಅದು ನ್ಯಾನೋ ಲೋಹದಂತೆಯೇ ಕಾಣುತ್ತದೆ. ಬಣ್ಣ ಕಪ್ಪಾಯಿತು ಎನ್ನುವುದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ.

ಸೋಡಿಯಂ ಬೋರೋಹೈಡ್ರೈಡ್ ಬಳಸಿದವರಿಗೆ ಇನ್ನೊಂದು ತೊಂದರೆ. ಲೋಹವೇನೋ ಬರುತ್ತದೆ, ಆದರೆ ಜೊತೆಗೆ ಬೋರಾನ್ ಒಳಗೆ ಸೇರಿಕೊಳ್ಳುತ್ತದೆ. ಆಗ ಕಣ ಹರಳಾಗಿರದೆ ಅಸ್ತವ್ಯಸ್ತ ರಚನೆಯಲ್ಲಿರುತ್ತದೆ, ಡಿಫ್ರಾಕ್ಷನ್ ರಿಂಗ್ (ಹರಳಿನ ಪರಮಾಣು ಪದರಗಳಿಂದ ಚದುರಿದ ಎಲೆಕ್ಟ್ರಾನ್‌ಗಳು ಮೂಡಿಸುವ ಉಂಗುರ) ಅಗಲವಾಗಿ ಮಸುಕಾಗುತ್ತದೆ. ಬೋರಾನಿನ ಎಕ್ಸ್‌ರೇ ಶಕ್ತಿ ಬರೀ 0.18 ಕೆಇವಿ ಇರುವುದರಿಂದ ಇಡಿಎಸ್‌ನಲ್ಲಿ, ಅಂದರೆ ಮಾದರಿಯಿಂದ ಹೊಮ್ಮುವ ಎಕ್ಸ್‌ರೇ ನೋಡಿ ಯಾವ ಧಾತು ಎಂದು ಗುರುತಿಸುವ ವಿಧಾನದಲ್ಲಿ, ಅದು ಸಿಗುವುದು ಕಷ್ಟ. ಇದು ಮೊದಲೇ ಗೊತ್ತಿದ್ದರೆ ರಿಂಗ್ ನೋಡಿ ಗಾಬರಿಯಾಗುವುದಿಲ್ಲ.

ಹೆಜ್ಜೆ 2: ತೊಳೆಯುವಾಗಲೇ ಅರ್ಧ ಫಲಿತಾಂಶ ನಿರ್ಧಾರವಾಗುತ್ತದೆ

ಓಲಿಯಿಕ್ ಆಸಿಡ್, ಓಲೈಲಮೈನ್ (ಕಣಕ್ಕೆ ಕವಚವಾಗುವ ಎಣ್ಣೆಯಂಥ ವಸ್ತುಗಳು) ಹಾಕಿ ಮಾಡಿದ ಕಣಗಳನ್ನು ಹೆಕ್ಸೇನಿನಲ್ಲಿ ಕದಡಿ, ಎಥೆನಾಲ್ ಸೇರಿಸಿ, ಸೆಂಟ್ರಿಫ್ಯೂಜ್ ಮಾಡಿ ಮೂರ್ನಾಲ್ಕು ಸಲ ತೊಳೆಯಬೇಕು. ಹೆಚ್ಚುವರಿ ಎಣ್ಣೆ ಉಳಿದರೆ ಎಲೆಕ್ಟ್ರಾನ್ ಕಿರಣ ಬಿದ್ದ ಕಡೆಯೆಲ್ಲ ಕಾರ್ಬನ್ ಕಟ್ಟಿಕೊಳ್ಳುತ್ತದೆ. ನೋಡನೋಡುತ್ತಿದ್ದಂತೆ ಚಿತ್ರ ಮಸುಕಾಗುತ್ತದೆ. ಹಾಗಂತ ಜಾಸ್ತಿ ತೊಳೆದರೆ ಕವಚ ಕಿತ್ತು ಕಣಗಳೆಲ್ಲ ಒಟ್ಟಿಗೆ ಮುದ್ದೆಯಾಗುತ್ತವೆ. ಕೊನೆಯ ಸಲ ತೊಳೆದ ಮೇಲೂ ಕಣ ಹೆಕ್ಸೇನಿನಲ್ಲಿ ಚೆನ್ನಾಗಿ ತೇಲುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ.

ಅಯಸ್ಕಾಂತ ಇಟ್ಟು ಕಣ ಎಳೆದು, ಉಳಿದ ದ್ರವ ಚೆಲ್ಲುವ ಅಭ್ಯಾಸ ಎಲ್ಲ ಲ್ಯಾಬಿನಲ್ಲೂ ಇದೆ. ಸುಲಭ ನಿಜ. ಆದರೆ ತೀರಾ ಸಣ್ಣ ಕಣಗಳನ್ನು ಅಯಸ್ಕಾಂತ ಬೇಗ ಎಳೆಯುವುದಿಲ್ಲ. ಅವು ಚೆಲ್ಲಿದ ದ್ರವದ ಜೊತೆ ಹೋಗುತ್ತವೆ. ಆಮೇಲೆ ನೀವು ಅಳೆಯುವ ಸರಾಸರಿ ಗಾತ್ರ ನಿಮ್ಮ ತಯಾರಿಕೆಯದ್ದಲ್ಲ, ನಿಮ್ಮ ಅಯಸ್ಕಾಂತ ಆರಿಸಿಕೊಟ್ಟದ್ದು. ಹೀಗೆ ತೊಳೆಯಲೇಬೇಕಾದರೆ ಚೆಲ್ಲುವ ದ್ರವದಿಂದಲೂ ಒಂದು ಹನಿ ತೆಗೆದು ಬೇರೆ ಗ್ರಿಡ್ ಮಾಡಿ.

ಸಲಕರಣೆಗಳ ಬಗ್ಗೆಯೂ ಜಾಗ್ರತೆ ಬೇಕು. ಮ್ಯಾಗ್ನೆಟಿಕ್ ಸ್ಟಿರರ್ ಪೆಲೆಟ್ಟಿಗೆ ಹಿಂದಿನ ಬ್ಯಾಚಿನ ಕಣ ಅಂಟಿರುತ್ತದೆ. ಆಸಿಡ್‌ನಲ್ಲಿ ತೊಳೆಯದೆ ಅದನ್ನು ಇನ್ನೊಂದಕ್ಕೆ ಹಾಕಬೇಡಿ. ಈ ಕಣಗಳನ್ನು ಮಾಡುವಾಗ ಸಾಧ್ಯವಾದರೆ ಮೇಲಿನಿಂದ ಇಳಿಬಿಟ್ಟ ಮೆಕ್ಯಾನಿಕಲ್ ಸ್ಟಿರರನ್ನೇ ಬಳಸಿ. ಗ್ರಿಡ್ ಹಿಡಿಯುವ ಚಿಮುಟ ಕಾಂತತ್ವ ಇಲ್ಲದ್ದಾಗಿರಲಿ. ಸಾಮಾನ್ಯ ಉಕ್ಕಿನ ಚಿಮುಟದ ತುದಿಗೆ ಸ್ವಲ್ಪ ಕಾಂತತ್ವ ಬಂದರೂ ಸಾಕು, ಗ್ರಿಡ್ ಮೇಲಿನ ಕಣಗಳೆಲ್ಲ ಅಂಚಿಗೆ ಓಡುತ್ತವೆ.

ಹೆಜ್ಜೆ 3: ಗ್ರಿಡ್ ಆಯ್ಕೆ

ಗ್ರಿಡ್ ಅಂದರೆ ಸುಮಾರು 3 ಮಿಲಿಮೀಟರ್ ಅಗಲದ ಲೋಹದ ಜಾಲರಿ, ಮೇಲೆ ತೆಳು ಕಾರ್ಬನ್ ಪದರ. ಲ್ಯಾಬಿನಲ್ಲಿ ಇರುವ ಯಾವುದೋ ಒಂದನ್ನು ಎತ್ತಿಕೊಂಡು ಹೋಗುವುದು ದೊಡ್ಡ ತಪ್ಪು. ಪ್ರತಿ ಲೋಹವೂ ತನ್ನದೇ ಶಕ್ತಿಯಲ್ಲಿ ಗೆರೆಯಾಗಿ ಮೂಡುವ ಇಡಿಎಸ್‌ನಲ್ಲಿ ಗ್ರಿಡ್ಡಿನ ಲೋಹವೂ ಕಾಣುತ್ತದೆ.

ಕಬ್ಬಿಣ-ಕೋಬಾಲ್ಟಿಗೆ ತಾಮ್ರದ ಗ್ರಿಡ್ ಸಾಕು. ತಾಮ್ರದ ಮುಖ್ಯ ಗೆರೆ 8.05 ಕೆಇವಿಯಲ್ಲಿ ಬರುತ್ತದೆ, ಕಬ್ಬಿಣದ 6.40 ಮತ್ತು ಕೋಬಾಲ್ಟಿನ 6.93ರಿಂದ ದೂರ. ನಿಕಲ್ ಇರುವ ಮಾದರಿಗೂ ತಾಮ್ರ ನಡೆಯುತ್ತದೆ. ನಿಕಲ್ಲಿನ ಎರಡನೇ ಗೆರೆ 8.26 ತಾಮ್ರದ ಕೆಳಗೆ ಮುಚ್ಚಿಹೋದರೂ ಮುಖ್ಯ ಗೆರೆ 7.48 ಬಿಡಿಯಾಗಿ ಸಿಗುತ್ತದೆ. ನಿಕಲ್ ಗ್ರಿಡ್ಡನ್ನು ಮಾತ್ರ ಮುಟ್ಟಬೇಡಿ. ಅದು ಸ್ವತಃ ಕಾಂತೀಯ, ಜೊತೆಗೆ ನಿಮ್ಮ ನಿಕಲ್ ಲೆಕ್ಕವನ್ನೂ ಹಾಳು ಮಾಡುತ್ತದೆ. ತಾಮ್ರ ಸೇರಿದ ಮಿಶ್ರಲೋಹವಾದರೆ ಚಿನ್ನದ ಗ್ರಿಡ್. ಕಬ್ಬಿಣ-ಪ್ಲಾಟಿನಂಗೆ ಚಿನ್ನ ಬೇಡ, ಏಕೆಂದರೆ ಪ್ಲಾಟಿನಂ 9.44, ಚಿನ್ನ 9.71. ತೀರಾ ಹತ್ತಿರ.

ಹತ್ತು ನ್ಯಾನೋಮೀಟರಿಗಿಂತ ಸಣ್ಣ ಕಣಗಳಿಗೆ ಅಲ್ಟ್ರಾಥಿನ್ ಕಾರ್ಬನ್ ಪದರ ಕೇಳಿ ಕೊಳ್ಳಿ. ದಪ್ಪ ಪದರದ ಮೇಲೆ ಹರಳಿನ ಗೆರೆಗಳು ಮಸುಕಾಗುತ್ತವೆ.

ಹೆಜ್ಜೆ 4: ಹನಿ ಬಿಡುವುದು, ಒಣಗಿಸುವುದು, ಮಳೆಗಾಲ

ದ್ರಾವಣವನ್ನು ತುಂಬಾ ತೆಳು ಮಾಡಿ. ಬಾಟಲಿಯ ಹಿಂದೆ ಇಟ್ಟ ಕಾಗದದ ಅಕ್ಷರ ಸಲೀಸಾಗಿ ಓದಲು ಬರಬೇಕು. ಹತ್ತು ನಿಮಿಷ ಸೋನಿಕೇಟರಿನಲ್ಲಿ (ಶಬ್ದದ ಅಲೆಯಿಂದ ಕದಡುವ ಉಪಕರಣ) ಇಟ್ಟು, ಕೂಡಲೇ 3ರಿಂದ 5 ಮೈಕ್ರೋಲೀಟರ್ ಹನಿಯನ್ನು ಗ್ರಿಡ್ ಮೇಲೆ ಬಿಡಿ. ತಡ ಮಾಡಿದರೆ ಕಾಂತೀಯ ಕಣಗಳು ಒಂದನ್ನೊಂದು ಎಳೆದುಕೊಂಡು ಸರಪಳಿ ಕಟ್ಟುತ್ತವೆ. ಕಣ ಜಾಸ್ತಿ ಇದ್ದರೆ ಚಿತ್ರ ಚೆನ್ನಾಗಿ ಬರುತ್ತದೆ ಎಂಬ ಭಾವನೆ ಹಲವರಿಗಿದೆ. ಹಾಗಲ್ಲ. ಒಂಟಿ ಕಣ ಸಿಗದಿದ್ದರೆ ನಮ್ಮ ಮುಖ್ಯ ಪ್ರಶ್ನೆಗೆ ಉತ್ತರವೇ ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗಾಳಿಯೇ ಒದ್ದೆ. ಆಗುಂಬೆ, ತೀರ್ಥಹಳ್ಳಿ, ಹೊಸನಗರದ ಮಳೆಯನ್ನು ಕಂಡವರಿಗೆ ಹೇಳಬೇಕಿಲ್ಲ. ಈ ಕಾಲದಲ್ಲಿ ಹನಿಯನ್ನು ಸುಮ್ನೆ ಬೆಂಚಿನ ಮೇಲೆ ಒಣಗಲು ಬಿಡಬೇಡಿ. ಹೆಕ್ಸೇನ್ ಅಥವಾ ಎಥೆನಾಲ್ ಆರುವಾಗ ಗ್ರಿಡ್ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಇಳಿಯುತ್ತದೆ. ಕಬ್ಬಿಣ-ಕೋಬಾಲ್ಟ್ ಕಣಕ್ಕೆ ಅಷ್ಟು ನೀರು ಸಿಕ್ಕರೆ ಸಾಕು, ಮೇಲ್ಮೈ ಆಕ್ಸೈಡ್ ಆಗಲು. ಹನಿ ಆರುತ್ತಿದ್ದಂತೆ ವ್ಯಾಕ್ಯೂಮ್ ಡೆಸಿಕೇಟರಿಗೆ ಹಾಕಿ, ರಾತ್ರಿಯಿಡೀ ಬಿಡಿ. ಸಿಲಿಕಾ ಜೆಲ್ ನೀಲಿಯಾಗಿದೆಯೇ ನೋಡಿ. ಮಳೆಗಾಲದಲ್ಲಿ ಅದು ಬಹಳ ಬೇಗ ಗುಲಾಬಿಯಾಗುತ್ತದೆ. 120 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಕೆಲವು ಗಂಟೆ ಇಟ್ಟರೆ ಮತ್ತೆ ನೀಲಿಗೆ ತಿರುಗುತ್ತದೆ. ಉಳಿದ ಮಾದರಿಯನ್ನು ಹೆಕ್ಸೇನಿನಲ್ಲೇ, ಬಾಟಲಿಗೆ ಸಾರಜನಕ ಅಥವಾ ಆರ್ಗಾನ್ ತುಂಬಿ, ಮುಚ್ಚಳಕ್ಕೆ ಪ್ಯಾರಾಫಿಲ್ಮ್ ಸುತ್ತಿ ಇಡಿ. ಗ್ರಿಡ್ಡನ್ನು ತಿಂಗಳ ಮೊದಲೇ ಮಾಡಿಡಬೇಡಿ. ಹೊರಡುವ ಒಂದೆರಡು ದಿನ ಮುಂಚೆ ಸಾಕು.

ಪ್ರಯಾಣಕ್ಕೆ ಗ್ರಿಡ್ ಬಾಕ್ಸನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಕವರಿನಲ್ಲಿ ಹಾಕಿ. ಮೊಬೈಲ್, ಸ್ಪೀಕರ್, ಮ್ಯಾಗ್ನೆಟ್ ಬಟನ್ ಇರುವ ಬ್ಯಾಗಿನಿಂದ ದೂರ ಇರಲಿ.

ಹೆಜ್ಜೆ 5: ‘ಇದು ಕಾಂತೀಯ’ ಎಂದು ಮೊದಲೇ ಹೇಳಿ

ಟಿಇಎಂನ ಆಬ್ಜೆಕ್ಟಿವ್ ಲೆನ್ಸ್ ಸ್ವತಃ ಒಂದು ಬಲವಾದ ವಿದ್ಯುತ್ಕಾಂತ. ಮಾದರಿ ಕೂರುವ ಜಾಗದಲ್ಲಿ ಸುಮಾರು 2 ಟೆಸ್ಲಾ ಕ್ಷೇತ್ರ ಇರುತ್ತದೆ. ಗಟ್ಟಿಯಾಗಿ ಅಂಟಿರದ ಕಣ ಗ್ರಿಡ್ ಬಿಟ್ಟು ಹಾರಿ ಲೆನ್ಸಿನ ಪೋಲ್‌ಪೀಸಿಗೆ, ಅಂದರೆ ಅದರ ಕಾಂತಧ್ರುವದ ತುಂಡಿಗೆ ಹೋಗಿ ಅಂಟಿಕೊಳ್ಳುತ್ತದೆ. ಅಲ್ಲಿಂದ ತೆಗೆಯಲು ಯಂತ್ರ ಬಿಚ್ಚಬೇಕು. ಅಷ್ಟು ದಿನ ನಿಮ್ಮಂತೆಯೇ ದೂರದಿಂದ ಬಂದ ಇನ್ನೊಬ್ಬರ ಸ್ಲಾಟ್ ಹೋಯಿತು. ಸ್ಲಾಟ್ ಸಿಗಲಿಕ್ಕಿಲ್ಲ ಎಂಬ ಭಯಕ್ಕೆ ಫಾರಂನಲ್ಲಿ ‘ಕಾಂತೀಯವಲ್ಲ’ ಎಂದು ಬರೆಯುವುದು ದಯವಿಟ್ಟು ಬೇಡ.

ಬುಕ್ ಮಾಡಲು ಐ-ಸ್ಟೆಮ್ ಪೋರ್ಟಲ್ ನೋಡಿ. ದೇಶದ ಸಂಶೋಧನಾ ಉಪಕರಣಗಳು ಎಲ್ಲಿವೆ ಎಂದು ಅದರಲ್ಲಿ ಹುಡುಕಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆಂದೇ ಕೇಂದ್ರವಿದೆ. ಶಿವಮೊಗ್ಗದಿಂದ ರೈಲಿನಲ್ಲಿ ಹೋಗಿ ಯಶವಂತಪುರದಲ್ಲಿ ಇಳಿದರೆ ಸಂಸ್ಥೆ ಹತ್ತಿರವೇ. ಬುಕ್ ಮಾಡುವ ಮೊದಲು ಕಾಂತೀಯ ಮಾದರಿ ತೆಗೆದುಕೊಳ್ಳುತ್ತಾರೆಯೇ, ಯಾವ ರೂಪದಲ್ಲಿ ಕೊಡಬೇಕು ಎಂದು ಬರೆದು ಕೇಳಿ.

ಸಾಮಾನ್ಯವಾಗಿ ಮೂರು ದಾರಿಗಳಿವೆ. ಓಲಿಯಿಕ್ ಕವಚ ಇರುವ ಸಣ್ಣ ಕಣಗಳನ್ನು ತೀರಾ ತೆಳುವಾಗಿ ಹಾಕಿದರೆ ಕಾರ್ಬನ್ ಪದರಕ್ಕೆ ಅಂಟಿಕೊಂಡೇ ಇರುತ್ತವೆ, ಕೆಲವು ಕಡೆ ಇಷ್ಟಕ್ಕೆ ಒಪ್ಪುತ್ತಾರೆ. ಎರಡನೆಯದು, ಮಡಚುವ ಜೋಡಿ ಗ್ರಿಡ್ ಬಳಸಿ ಕಣಗಳನ್ನು ಎರಡು ಪದರಗಳ ನಡುವೆ ಇಡುವುದು. ಮೂರನೆಯದು, ಪುಡಿಯನ್ನು ಎಪಾಕ್ಸಿ ರೆಸಿನ್‌ನಲ್ಲಿ ಹುದುಗಿಸಿ, ಅಲ್ಟ್ರಾಮೈಕ್ರೋಟೋಮ್‌ನಲ್ಲಿ 70-80 ನ್ಯಾನೋಮೀಟರ್ ದಪ್ಪದ ತುಂಡು ಕತ್ತರಿಸುವುದು. ಒಣ ಪುಡಿಗೆ ನಾನು ಹೇಳುವುದು ಮೂರನೆಯದನ್ನೇ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಒಣಗಿದ ಗ್ರಿಡ್ ಹತ್ತಿರ ನಿಯೋಡಿಮಿಯಂ ಅಯಸ್ಕಾಂತ ತಂದು ಭೂತಗನ್ನಡಿಯಲ್ಲಿ ನೋಡಿ. ಪುಡಿ ಅಲುಗಿದರೆ ಆ ಗ್ರಿಡ್ ಬೇಡವೇ ಬೇಡ. ಅಲುಗದಿದ್ದರೆ ಪೂರ್ತಿ ಸುರಕ್ಷಿತ ಅಂತಲ್ಲ, ಏಕೆಂದರೆ ಆ ಅಯಸ್ಕಾಂತದ ಮೇಲ್ಮೈಯಲ್ಲಿ ಅರ್ಧ ಟೆಸ್ಲಾ ಇದ್ದರೆ ಹೆಚ್ಚು. ಪರೀಕ್ಷೆ ಮಾಡಿದ ಗ್ರಿಡ್ಡನ್ನು ಬಿಟ್ಟು ಹೊಸದನ್ನು ಕೊಡಿ.

ಎಸ್‌ಇಎಂ (ಮೇಲ್ಮೈ ನೋಡುವ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಮಾಡಿಸುವವರಿಗೂ ಇದೇ ಮಾತು. ಸಡಿಲ ಪುಡಿಯನ್ನು ಕಾರ್ಬನ್ ಟೇಪಿನಿಂದ ಸಾರಜನಕದ ಗಾಳಿಯಲ್ಲಿ ಊದಿ ತೆಗೆಯಿರಿ. ಮಾದರಿಯನ್ನು ಲೆನ್ಸಿನ ಕಾಂತಕ್ಷೇತ್ರದೊಳಗೇ ಇಡುವ ಇಮ್ಮರ್ಷನ್ ಮೋಡ್ ಬೇಡವೆಂದು ಆಪರೇಟರಿಗೆ ಹೇಳಿ.

ಹೆಜ್ಜೆ 6: ಯಂತ್ರದ ಮುಂದೆ

ಮೊದಲು ಕಡಿಮೆ ಮ್ಯಾಗ್ನಿಫಿಕೇಶನ್‌ನಲ್ಲಿ ಗ್ರಿಡ್ ಪೂರ್ತಿ ಸುತ್ತಿ. ಚೆಂದದ ಒಂದು ಜಾಗ ಸಿಕ್ಕಿತೆಂದು ಅಲ್ಲೇ ನಿಂತರೆ ಮಾದರಿಯ ನಿಜವಾದ ಸ್ಥಿತಿ ಗೊತ್ತಾಗುವುದಿಲ್ಲ. ನಾಲ್ಕೈದು ಬೇರೆ ಬೇರೆ ಚೌಕಗಳಲ್ಲಿ ಚಿತ್ರ ತೆಗೆದ ಮೇಲೆ ಹೈ ರೆಸಲ್ಯೂಷನ್‌ಗೆ ಹೋಗಿ. ಕಬ್ಬಿಣದ ಕಣದ ಸುತ್ತ ತಿಳಿ ಬಣ್ಣದ ಉಂಗುರ ಕಂಡರೆ ಅದು ಬಹುತೇಕ ಆಕ್ಸೈಡ್ ಚಿಪ್ಪು. ಅದರ ದಪ್ಪ ಅಳೆದಿಟ್ಟುಕೊಳ್ಳಿ. ಇದು ಸಣ್ಣ ವಿಷಯವಲ್ಲ. ಹೊರಗಿನಿಂದ 12 ನ್ಯಾನೋಮೀಟರ್ ಇರುವ ಕಣಕ್ಕೆ 2 ನ್ಯಾನೋಮೀಟರ್ ಚಿಪ್ಪಿದ್ದರೆ ಒಳಗೆ ಲೋಹ ಉಳಿದದ್ದು 8 ನ್ಯಾನೋಮೀಟರ್. ಘನಗಾತ್ರದಲ್ಲಿ ಲೆಕ್ಕ ಹಾಕಿದರೆ ಪೂರ್ತಿ ಕಣದ ಶೇ 30ರಷ್ಟೂ ಇಲ್ಲ! ವಿಎಸ್‌ಎಂನಲ್ಲಿ (ಕಾಂತತ್ವ ಅಳೆಯುವ ಯಂತ್ರ) ಕಾಂತತ್ವ ನಿರೀಕ್ಷೆಗಿಂತ ತೀರಾ ಕಡಿಮೆ ಬಂತು ಎಂದು ತಲೆ ಕೆಡಿಸಿಕೊಳ್ಳುವವರಿಗೆ ಉತ್ತರ ಅನೇಕ ಸಲ ಇಲ್ಲೇ ಇರುತ್ತದೆ.

ಸಣ್ಣ ಎಲೆಕ್ಟ್ರಾನ್ ಕಿರಣವನ್ನು ಮಾದರಿ ಮೇಲೆ ಸಾಲುಸಾಲಾಗಿ ಓಡಿಸಿ ತೆಗೆಯುವ ಸ್ಟೆಮ್-ಹಾಡ್ಫ್ ಚಿತ್ರದಲ್ಲಿ ಭಾರದ ಪರಮಾಣು ಹೆಚ್ಚು ಬೆಳ್ಳಗೆ ಕಾಣುತ್ತದೆ. ಪ್ಲಾಟಿನಂನ ಪರಮಾಣು ಸಂಖ್ಯೆ 78, ಕಬ್ಬಿಣದ್ದು 26, ಆದ್ದರಿಂದ ಆ ಜೋಡಿಗೆ ಅದು ಬಹಳ ಉಪಯುಕ್ತ. ಕಬ್ಬಿಣ 26, ಕೋಬಾಲ್ಟ್ 27, ನಿಕಲ್ 28. ಇವುಗಳ ನಡುವೆ ಬೆಳಕಿನ ವ್ಯತ್ಯಾಸ ಹುಡುಕುವುದು ವ್ಯರ್ಥ.

ಡಿಫ್ರಾಕ್ಷನ್ ರಿಂಗ್ ಎಷ್ಟು ಹೇಳುತ್ತದೆ?

ಮೊದಲು ಚಿನ್ನದ ಮಾದರಿಯಲ್ಲಿ ಕ್ಯಾಲಿಬ್ರೇಷನ್ ಕೇಳಿ. ಚಿನ್ನದ (111) ರಿಂಗ್ ಸೂಚಿಸುವ ಪರಮಾಣು ಪದರಗಳ ಅಂತರ 0.2355 ನ್ಯಾನೋಮೀಟರ್. ಇದಿಲ್ಲದೆ ಅಳೆದ ಅಂತರವನ್ನು ನಂಬಬೇಡಿ.

ಈಗ ಕಷ್ಟದ ಭಾಗ. ಕಬ್ಬಿಣ-ಕೋಬಾಲ್ಟಿನ ಮೊದಲ ರಿಂಗ್ 0.202, ಬರೀ ಕಬ್ಬಿಣದ್ದು 0.203, ನಿಕಲ್ಲಿನದ್ದು 0.203, ನಿಕಲ್-ಕಬ್ಬಿಣದ ಮಿಶ್ರಲೋಹವಾದ ಪರ್ಮಲ್ಲಾಯ್‌ನದ್ದು 0.205 ನ್ಯಾನೋಮೀಟರ್. ಟಿಇಎಂ ರಿಂಗಿನ ನಿಖರತೆ ಸಾಮಾನ್ಯವಾಗಿ ಶೇ 1ರ ಆಸುಪಾಸು. ಹಾಗಾಗಿ ‘0.202 ಬಂತು, ಮಿಶ್ರಲೋಹ ಸಿದ್ಧವಾಯಿತು’ ಎಂದು ಬರೆಯಲು ಬರುವುದಿಲ್ಲ. ಎರಡನೇ ರಿಂಗ್ ನೋಡಿ. 0.143 ಇದ್ದರೆ ರಚನೆ ಬಿಸಿಸಿ (ಘನದ ಮೂಲೆಗಳಲ್ಲೂ ನಟ್ಟನಡುವೆಯೂ ಪರಮಾಣು), 0.177ರ ಹತ್ತಿರ ಇದ್ದರೆ ಎಫ್‌ಸಿಸಿ (ಮೂಲೆಗಳಲ್ಲೂ ಪ್ರತಿ ಮುಖದ ನಡುವೆಯೂ ಪರಮಾಣು). ಇದು ರಚನೆಯನ್ನು ಹೇಳುತ್ತದೆ. ಕಬ್ಬಿಣದಲ್ಲಿ ಕೋಬಾಲ್ಟ್ ಕರಗಿದೆಯೇ ಎಂಬುದನ್ನು ಇದೂ ಹೇಳುವುದಿಲ್ಲ. 0.253 ಮತ್ತು 0.297ರಲ್ಲಿ ರಿಂಗ್ ಇದ್ದರೆ ಮ್ಯಾಗ್ನೆಟೈಟ್ ಥರದ ಆಕ್ಸೈಡ್ ಇದೆ ಎಂದರ್ಥ. ಕುದುರೆಮುಖದಲ್ಲಿ 2005ರವರೆಗೆ ತೆಗೆಯುತ್ತಿದ್ದ ಅದಿರಿನಲ್ಲಿ ಇದ್ದದ್ದೂ ಇದೇ ಮ್ಯಾಗ್ನೆಟೈಟ್. ಅಯಸ್ಕಾಂತಕ್ಕೆ ಅಂಟುವುದೆಲ್ಲ ಲೋಹವಲ್ಲ.

ಕಬ್ಬಿಣ-ಪ್ಲಾಟಿನಂ ಮಾಡುವವರು ಇಲ್ಲಿ ಪುಣ್ಯವಂತರು. 2000ದಲ್ಲಿ ಐಬಿಎಂನ ಶೌಹೆಂಗ್ ಸನ್ ಮತ್ತು ಸಂಗಡಿಗರು ಈ ಕಣಗಳನ್ನು ಒಂದೇ ಗಾತ್ರದಲ್ಲಿ ಮಾಡಿ ತೋರಿಸಿದಾಗಿನಿಂದ ಇದರ ಮೇಲೆ ಬಹಳ ಕೆಲಸ ಆಗಿದೆ. ಹೊಸದಾಗಿ ಮಾಡಿದ ಕಣದಲ್ಲಿ ಕಬ್ಬಿಣ, ಪ್ಲಾಟಿನಂ ಪರಮಾಣುಗಳು ಎಲ್ಲೆಂದರಲ್ಲಿ ಕೂತಿರುತ್ತವೆ. 550-600 ಡಿಗ್ರಿಗೆ ಕಾಯಿಸಿದರೆ ಪದರ ಪದರವಾಗಿ ಸಾಲುಗಟ್ಟುತ್ತವೆ. ಆಗ 0.371 ಮತ್ತು 0.272 ನ್ಯಾನೋಮೀಟರಿನಲ್ಲಿ ಹೊಸ ರಿಂಗ್ ಮೂಡುತ್ತದೆ. ಮೊದಲು ಅವು ಇರಲೇ ಇಲ್ಲ. ಎರಡು ಲೋಹ ಒಂದೇ ಹರಳಿನಲ್ಲಿ ಇವೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕಾಯಿಸಿದಾಗ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಅದನ್ನೂ ಚಿತ್ರದಲ್ಲಿ ತೋರಿಸಿ.

ಹೆಜ್ಜೆ 7: ಇಡಿಎಸ್, ಒಂಟಿ ಕಣದ ಮೇಲೆ

ನಮ್ಮ ಮುಖ್ಯ ಪ್ರಶ್ನೆಗೆ ನೇರ ಉತ್ತರ ಸಿಗುವುದು ಇಲ್ಲಿ. ನೂರಾರು ಕಣಗಳಿರುವ ಜಾಗದಿಂದ ಸ್ಪೆಕ್ಟ್ರಮ್ ತೆಗೆದು ‘ಕಬ್ಬಿಣ 50, ಕೋಬಾಲ್ಟ್ 50’ ಎಂದು ಬರೆದರೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಅಕ್ಕಿ ಬೇಳೆ ಅರ್ಧರ್ಧ ಬೆರೆಸಿದ ರಾಶಿಯನ್ನು ತೂಗಿದರೂ ಲೆಕ್ಕ ಅರ್ಧರ್ಧವೇ ಬರುತ್ತದೆ, ಅಲ್ವಾ? ಸ್ಟೆಮ್ ಮೋಡಿನಲ್ಲಿ ಒಂದೊಂದೇ ಕಣದ ಮೇಲೆ ಕಿರಣ ಇಟ್ಟು ಹತ್ತಿಪ್ಪತ್ತು ಕಣಗಳ ಅಳತೆ ತೆಗೆಯಿರಿ. ಒಂದೆರಡು ಕಣಗಳ ಮೇಲೆ ಅಂಚಿನಿಂದ ಅಂಚಿಗೆ ಲೈನ್ ಸ್ಕ್ಯಾನ್ ಮಾಡಿಸಿ. ಎರಡೂ ಲೋಹದ ಗೆರೆ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಒಳ್ಳೆಯ ಸೂಚನೆ. ಒಂದು ನಡುವೆ ಏರಿ, ಇನ್ನೊಂದು ಎರಡು ಅಂಚಿನಲ್ಲಿ ಏರಿದರೆ ಅದು ಒಳತಿರುಳು ಮತ್ತು ಚಿಪ್ಪು.

ಎರಡು ಬಲೆಗಳಿಂದ ತಪ್ಪಿಸಿಕೊಳ್ಳಬೇಕು. ಮೊದಲನೆಯದು ಗೆರೆಗಳ ಮೇಲ್ಬೀಳು. ಕಬ್ಬಿಣದ ಎರಡನೇ ಗೆರೆ 7.06, ಕೋಬಾಲ್ಟಿನ ಮುಖ್ಯ ಗೆರೆ 6.93. ಡಿಟೆಕ್ಟರಿಗೆ ಇವು ಬೇರೆಯಾಗಿ ಕಾಣುವುದಿಲ್ಲ. ಕಬ್ಬಿಣ ಜಾಸ್ತಿ, ಕೋಬಾಲ್ಟ್ ಕಡಿಮೆ ಇರುವ ಮಾದರಿಯಲ್ಲಿ ಸಾಫ್ಟ್‌ವೇರ್ ಕೊಟ್ಟ ಕೋಬಾಲ್ಟ್ ಅಂಕಿಯನ್ನು ಹಾಗೇ ಬರೆದುಕೊಳ್ಳಬೇಡಿ. ಕೋಬಾಲ್ಟಿನ ಎರಡನೇ ಗೆರೆಯೂ ನಿಕಲ್ಲಿನ ಮುಖ್ಯ ಗೆರೆಯ ಹತ್ತಿರವೇ ಬರುತ್ತದೆ. ಇಇಎಲ್‌ಎಸ್ (ಮಾದರಿ ದಾಟುವಾಗ ಎಲೆಕ್ಟ್ರಾನ್ ಕಳೆದುಕೊಂಡ ಶಕ್ತಿ ಅಳೆಯುವ ವಿಧಾನ) ಸೌಲಭ್ಯ ಇದ್ದರೆ ಈ ಗೋಜಿಲ್ಲ. ಅಲ್ಲಿ ಕಬ್ಬಿಣ 708, ಕೋಬಾಲ್ಟ್ 779, ನಿಕಲ್ 855 ಇವಿ, ಆಮ್ಲಜನಕ 532. ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತವೆ.

ಎರಡನೇ ಬಲೆ ಯಂತ್ರದ್ದೇ. ಪೋಲ್‌ಪೀಸಿನಲ್ಲಿ ಕಬ್ಬಿಣ, ಕೋಬಾಲ್ಟ್ ಇರುತ್ತದೆ. ಚದುರಿದ ಎಲೆಕ್ಟ್ರಾನ್‌ಗಳು ಅಲ್ಲಿಗೆ ಬಡಿದು ಅವೇ ಗೆರೆಗಳನ್ನು ಎಬ್ಬಿಸುತ್ತವೆ. ಮಾದರಿಯಲ್ಲಿ ಕೋಬಾಲ್ಟ್ ಇಲ್ಲದಿದ್ದರೂ ಸ್ಪೆಕ್ಟ್ರಮ್‌ನಲ್ಲಿ ಸಣ್ಣದಾಗಿ ಕಾಣಬಹುದು. ಅದಕ್ಕೇ ಕಣವಿಲ್ಲದ ಬರೀ ಕಾರ್ಬನ್ ಜಾಗದಿಂದ ಅಷ್ಟೇ ಸಮಯ ಒಂದು ಸ್ಪೆಕ್ಟ್ರಮ್ ತೆಗೆದಿಟ್ಟುಕೊಳ್ಳಿ. ಆ ಖಾಲಿ ಜಾಗದ ಸ್ಪೆಕ್ಟ್ರಮ್ ಇಲ್ಲದ ಇಡಿಎಸ್ ಫಲಿತಾಂಶವನ್ನು ನಾನಂತೂ ಒಪ್ಪುವುದಿಲ್ಲ.

ಲಾರೆಂಟ್ಜ್ ಮೋಡ್ ಬೇಕೆಂದು ಕೇಳುವವರೂ ಇದ್ದಾರೆ. ಆಬ್ಜೆಕ್ಟಿವ್ ಲೆನ್ಸ್ ಆಫ್ ಮಾಡಿ ಮಾದರಿಯ ಕಾಂತತ್ವವನ್ನೇ ನೋಡುವ ವಿಧಾನ ಅದು. ತೆಳು ಫಿಲ್ಮಿಗೆ ಸೊಗಸಾಗಿ ಬರುತ್ತದೆ. ಹತ್ತು ನ್ಯಾನೋಮೀಟರಿನ ಒಂಟಿ ಕಣಕ್ಕೆ ಅದು ಸಾಲದು, ಎಲೆಕ್ಟ್ರಾನ್ ಹಾಲೋಗ್ರಫಿ ಬೇಕು. ಮೊದಲ ಸ್ಲಾಟಿನಲ್ಲಿ ಅದಕ್ಕೆ ಕೈ ಹಾಕಬೇಡಿ.

ಹೆಜ್ಜೆ 8: ಗಾತ್ರ ಅಳೆಯುವುದು

ಇಮೇಜ್‌ಜೆ ಉಚಿತ ಸಾಫ್ಟ್‌ವೇರ್. ಸ್ಕೇಲ್ ಬಾರ್ ಮೇಲೆ ಗೆರೆ ಎಳೆದು ಅಳತೆ ಹೊಂದಿಸಿ, ಬೇರೆ ಬೇರೆ ಚೌಕಗಳ ಚಿತ್ರಗಳಿಂದ ಕಡಿಮೆಯೆಂದರೂ 200-300 ಕಣ ಅಳೆಯಿರಿ. ಒಂದರ ಮೇಲೊಂದು ಬಿದ್ದವನ್ನು ಬಿಡಿ, ಆದರೆ ದೊಡ್ಡ ಕಣವನ್ನು ‘ಅಪವಾದ’ ಎಂದು ಬಿಡಬೇಡಿ. 20 ನ್ಯಾನೋಮೀಟರಿನ ಒಂದು ಕಣದಲ್ಲಿ 10 ನ್ಯಾನೋಮೀಟರಿನ ಎಂಟು ಕಣಗಳಷ್ಟು ಲೋಹ ಇರುತ್ತದೆ. ವಿಎಸ್‌ಎಂ ಗ್ರಾಫನ್ನು ಎಳೆಯುವುದು ಅಂಥ ದೊಡ್ಡವೇ. ಎಕ್ಸ್‌ಆರ್‌ಡಿಯಿಂದ ಬಂದ ಗಾತ್ರ ಟಿಇಎಂಗಿಂತ ಚಿಕ್ಕದಿದ್ದರೆ ಅದು ವಿರೋಧವಲ್ಲ. ಎಕ್ಸ್‌ಆರ್‌ಡಿ ಅಳೆಯುವುದು ಒಂದು ಹರಳಿನ ತುಂಡನ್ನು. ಕಣದಲ್ಲಿ ಅಂಥ ತುಂಡು ಎರಡು ಮೂರಿರಬಹುದು.

ಹೊರಡುವ ಮುನ್ನ

ಜೆಪಿಇಜಿ ಮಾತ್ರ ತಂದರೆ ಆಮೇಲೆ ಏನೂ ಮಾಡಲಾಗದು. ಡಿಎಂ3, ಡಿಎಂ4 ಥರದ ಮೂಲ ಫೈಲುಗಳನ್ನೂ, ಇಡಿಎಸ್‌ನ ಕಚ್ಚಾ ಸ್ಪೆಕ್ಟ್ರಮ್‌ಗಳನ್ನೂ ಕೇಳಿ ಪಡೆಯಿರಿ. ಎಷ್ಟು ಕಿಲೋವೋಲ್ಟ್, ಯಾವ ಗ್ರಿಡ್, ಯಾವ ಬ್ಯಾಚ್, ಗ್ರಿಡ್ ಮಾಡಿದ ದಿನ ಯಾವುದು, ಎಲ್ಲವನ್ನೂ ಅಲ್ಲೇ ಕೂತು ನೋಟ್‌ಬುಕ್ಕಿನಲ್ಲಿ ಬರೆಯಿರಿ. ವಿಎಸ್‌ಎಂಗೆ ಕೊಡುವ ಪುಡಿ ಇದೇ ಬ್ಯಾಚಿನದ್ದಾಗಿರಲಿ, ಆದಷ್ಟು ಇದೇ ವಾರದ್ದಾಗಿರಲಿ. ಬರೆಯುವಾಗ ಶೇ 48.73 ಎಂಬಂಥ ಅಂಕಿ ಬೇಡ. ಒಂಟಿ ಕಣದ ಇಡಿಎಸ್‌ಗೆ ಅಷ್ಟು ನಿಖರತೆ ಇಲ್ಲ. ಶೇ 48, ಕಣದಿಂದ ಕಣಕ್ಕೆ ಇಷ್ಟು ವ್ಯತ್ಯಾಸ ಎಂದು ಬರೆದರೆ ಓದುವವರಿಗೆ ಹೆಚ್ಚು ತಿಳಿಯುತ್ತದೆ. ನೋಡಿದ ಗ್ರಿಡ್ಡನ್ನು ಡೆಸಿಕೇಟರಿನಲ್ಲಿ ಜೋಪಾನವಾಗಿಡಿ. ಪ್ರಬಂಧ ಪರಿಶೀಲಿಸುವವರು ಮತ್ತೆ ಅಳೆಯಲು ಹೇಳಿದರೆ ಅದೇ ಗ್ರಿಡ್ ಕೊಡುವ ಮೊದಲು ದಿನಾಂಕ ನೋಡಿ. ಒಂದು ಮಳೆಗಾಲ ದಾಟಿದ್ದರೆ ಚಿಪ್ಪು ದಪ್ಪವಾಗಿರಬಹುದು. ಆಗ ಆರ್ಗಾನಿನಲ್ಲಿಟ್ಟ ಬಾಟಲಿಯಿಂದ ಹೊಸ ಹನಿ ತೆಗೆದು ಹೊಸ ಗ್ರಿಡ್ ಮಾಡಿ.